ಹದಿನಾರು ನಮೂನೆಯ ಬಿಳುಪು

ಎದುರಿಗೆ ನಿಂತವರ ಕಣ್ಣು ನೋಡಿ ಮಾತಾಡಬೇಕು ಎಂದು ಸಾಲೆಯಲ್ಲಿ ಮಾಸ್ತರರು ಹೇಳಿಕೊಟ್ಟಿದ್ದರು. ನಾನು ಆ ಮಾತನ್ನು ನಾಲ್ಕು ಬೆರಳು ಕೆಳಗಿಳಿಸಿಕೊಂಡೆ. ನಾನು ನೋಡುವುದು ಬಾಯಿ. ಇದು ನನ್ನ ದುರಭ್ಯಾಸ ಎಂದು ನಮ್ಮ ಮನೆಯಾಕೆ ಗಂಗವ್ವ ಹೇಳುತ್ತಾಳೆ. ಮಾಡಗ್ಯಾಳದಲ್ಲಿ ಐವತ್ತು ವರ್ಷ ಕುರಿ ದಲಾಲಿ ಮಾಡಿದವನಿಗೆ ಅದು ದುರಭ್ಯಾಸವಲ್ಲ, ವಿದ್ಯೆ. ಕುರಿಯ ಗದ್ದ ಹಿಡಿದು, ಕೆಳದುಟಿಯನ್ನು ಹೆಬ್ಬೆರಳಿನಿಂದ ಇಷ್ಟು ಒತ್ತಿದರೆ ಸಾಕು. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿ ತುಂಬಿದ್ದೋ, ತುಂಬಿ ಸವೆದದ್ದೋ, ಅದರ ವಯಸ್ಸು ನನ್ನ ಬೆರಳಿಗೆ ಬಂದು ಕೂರುತ್ತದೆ. ಕಣ್ಣು ಮುಚ್ಚಿಕೊಂಡೂ ಹೇಳಿದ್ದೇನೆ. ಅದನ್ನು ಕಂಡ ಸಾಕ್ಷಿಗಳು ಊರಲ್ಲಿ ಈಗಲೂ ಇಬ್ಬರಿದ್ದಾರೆ. ಒಬ್ಬನಿಗೆ ಹಾಗೆ ಹೇಳು ಎಂದು ನಾನೇ ಹೇಳಿಟ್ಟಿದ್ದೇನೆ. ಇನ್ನೊಬ್ಬ ಮಾತ್ರ ಖರೇ ನೋಡಿದವನು.

ಕುರಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲೇ ಇರುವುದಿಲ್ಲ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಪೇಟೆಯವರಿಗೆ ಯಾರಿಗೂ ಗೊತ್ತಿರುವುದಿಲ್ಲ. ಈ ಒಂದು ಗುಟ್ಟಿನ ಮೇಲೆ ಪಂದ್ಯ ಕಟ್ಟಿ ನಾನು ಕುಡಿದ ಚಹಾಗಳನ್ನು ಒಟ್ಟು ಮಾಡಿದರೆ ಒಂದು ಬಾವಿ ತುಂಬೀತು. ನಮ್ಮ ಮಾಡಗ್ಯಾಳದ ಕುರಿಗೆ ಗಿಳಿಯ ಹಾಗೆ ಬಾಗಿದ ಮೂಗು ಬೇರೆ ಇರುತ್ತದೆ. ದೂರದಿಂದ ಬಂದ ಒಬ್ಬ ಗಿರಾಕಿಗೆ, "ಸಾಹೇಬ್ರ, ದಿನಾ ಮುಂಜಾನಿ ಎಣ್ಣಿ ಹಚ್ಚಿ ಮೂಗು ತಿಕ್ಕಬೇಕು, ಇಲ್ಲಂದ್ರ ಮೂರು ತಿಂಗಳದಾಗ ಚಪ್ಪಟಿ ಆಕ್ಕೈತಿ" ಎಂದು ಹೇಳಿ ಕಳಿಸಿದ್ದೆ. ಆತ ಮೂರು ತಿಂಗಳ ಮೇಲೆ ಬಂದು, ಮೂಗು ಇನ್ನಷ್ಟು ಚಲೋ ಬಾಗಿದೆ ಎಂದು ನನಗೇ ಒಂದು ಶಾಲು ಹೊದಿಸಿ ಹೋದ. ಇಂಥವನು ನಾನು. ಈ ಪ್ರಾಂತದಲ್ಲಿ ನನ್ನ ಕೈಯಲ್ಲಿ ಮೋಸ ಹೋಗದವರು ಇದ್ದರೆ ಅವರು ಹೊಸದಾಗಿ ವರ್ಗವಾಗಿ ಬಂದವರು ಎಂದೇ ತಿಳಿಯಬೇಕು.

ಇಂಥ ಮನೆಗೆ ಕಸ್ತೂರಿ ಸೊಸೆಯಾಗಿ ಬಂದಳು. ಲಗ್ನಕ್ಕೆ ಮೊದಲು ಆರು ವರ್ಷ ಮಿರಜಿನಲ್ಲಿ ಹಲ್ಲಿನ ದಾಕ್ತರರಿಗೆ ಬೇಕಾದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡಿದವಳು. ಮಾತು ಕಡಿಮೆ. ನನ್ನ ಚೇಷ್ಟೆಗಳಿಗೆ ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ, ಸುಮ್ಮನೆ ನೋಡುತ್ತಾಳೆ. ಚೇಷ್ಟೆ ಮಾಡುವವನಿಗೆ ಇದಕ್ಕಿಂತ ಘೋರ ಶಿಕ್ಷೆ ಇನ್ನೊಂದಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ, ರೊಟ್ಟಿ ಮುರಿಯುತ್ತ, ನಾಳೆ ಕುರಿಗೆ ನೀರು ಹಾಕಬೇಕು ಎನ್ನುವಷ್ಟೇ ಸಹಜವಾಗಿ ಹೇಳಿದಳು: "ಮಾವಾರ, ನಾ ಒಂದು ಸ್ಟಾರ್ಟಪ್ ಸುರು ಮಾಡಾಕಿ ಇದ್ದೀನ್ರಿ."

"ಅದು ಡೀಸೆಲ್ಲಿನ ಮ್ಯಾಲ ನಡೀತೈತೋ, ಕರೆಂಟಿನ ಮ್ಯಾಲೋ?" ಎಂದೆ.

ಅವಳು ನೋಡಿದಳು ಅಷ್ಟೇ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಜತ್ತ, ಸಂಖ, ಉಮದಿ ಕಡೆಯ ಹಲ್ಲಿನ ದಾಕ್ತರರಿಗೆ ಬಾಯಿಯ ಅಚ್ಚು ತೆಗೆಯುವ ಪುಡಿ ಒಂದು ಚೀಲ ಬೇಕೆಂದರೂ, ಒಂದು ಜೊತೆ ಕೃತಕ ಹಲ್ಲು ಬೇಕೆಂದರೂ ದೊಡ್ಡ ಊರಿನಿಂದ ತರಿಸಬೇಕು. ದೊಡ್ಡ ಊರಿನವರು ಒಂದೊಂದನ್ನು ಕಳಿಸುವುದಿಲ್ಲ; ಕಳಿಸಿದರೂ ವಾರ ಹಿಡಿಯುತ್ತದೆ. ಅಲ್ಲಿಯತನಕ ರೋಗಿ ಬಾಯಿ ತೆರೆದುಕೊಂಡು ಕೂರಬೇಕು. ತಾನು ನಮ್ಮ ಪಡಸಾಲೆಯಲ್ಲೇ ಎಲ್ಲ ಸಾಮಾನು ಇಟ್ಟು, ದಾಕ್ತರರು ಇವತ್ತು ಮೊಬೈಲಿನಲ್ಲಿ ಹೇಳಿದ್ದನ್ನು ನಾಳೆ ಅವರ ಮೇಜಿನ ಮೇಲೆ ಇಡುತ್ತೇನೆ ಎಂದಳು. "ಹಲ್ಲು ಮಾರತಾಳಂತ, ಹಲ್ಲು!" ಎಂದು ಗಂಗವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ಕಸ್ತೂರಿ ಕಂಪನಿಗೆ ಚಂದನೆಯ ಇಂಗ್ಲಿಷ್ ಹೆಸರೊಂದನ್ನು ನೋಂದಣಿ ಮಾಡಿಸಿ ಬಂದಳು. ಊರವರು ಅದನ್ನು ಒಮ್ಮೆಯೂ ಹೇಳಲಿಲ್ಲ. ಮೊದಲ ದಿನದಿಂದ ಅದು ಹಲ್ಲಿನಂಗಡಿ.

ಈ ಉದ್ಘಾಟನೆಗೆ ನನ್ನದೂ ಒಂದು ಕಾಣಿಕೆ ಇರಲಿ ಎಂದು ಚಹಾದಂಗಡಿಯಲ್ಲಿ ಕೂತು, "ನಮ್ಮ ಸೊಸಿ ಉದುರಿದ ಹಲ್ಲು ತಗೋತಾಳ, ದವಡಿ ಹಲ್ಲಿಗೆ ರೇಟು ಭಾಳ ಚಲೋ ಐತಿ" ಎಂದು ಒಂದು ಸುದ್ದಿ ಬಿಟ್ಟೆ. ಮರುದಿನ ಹೊತ್ತೇರುವುದರೊಳಗೆ ಬಾಗಿಲಲ್ಲಿ ನಾಲ್ಕು ಮಂದಿ. ನನ್ನ ಬಾಲ್ಯದ ಗೆಳೆಯ ದುಂಡಪ್ಪ ಹನ್ನೊಂದು ಹಲ್ಲುಗಳನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದ. ಅವನ್ನೆಲ್ಲ ಯಾಕೆ ಕೂಡಿಟ್ಟಿದ್ದನೋ, ಅವನ ಹೆಂಡತಿಗೂ ಗೊತ್ತಿರಲಿಲ್ಲ. ಸಂಖದ ಹಾದಿಯ ಹೊಲಮನೆಗಳ ವಸ್ತಿಯಿಂದ ನಾಗವ್ವ ಬಂದಿದ್ದಳು. ಜೀವನವಿಡೀ ಕುರಿ ಹಿಂದೆ ನಡೆದವಳು; ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತಾಡುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ನಾನು ಕಂಬದ ಮರೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಕಸ್ತೂರಿ ನಗಲಿಲ್ಲ. "ಬರ್ರಿ, ಕುಂದ್ರಿ" ಎಂದು ಎಲ್ಲರಿಗೂ ಚಹಾ ಕೊಟ್ಟಳು. ಒಬ್ಬೊಬ್ಬರ ಊಟ ಹೇಗೆ, ರೊಟ್ಟಿ ನೆನೆಸಿಕೊಂಡು ತಿನ್ನುತ್ತೀರೋ ಎಂದೆಲ್ಲ ಕೇಳಿದಳು. ಮುಂದಿನ ವಾರ ಆ ನಾಲ್ಕೂ ಮಂದಿಯನ್ನು ತಾನೇ ಕರೆದುಕೊಂಡು ಹೋಗಿ ಉಮದಿಯ ದಾಕ್ತರರ ಮುಂದೆ ಕೂರಿಸಿದಳು. ನಾನು ಬಿಟ್ಟ ಸುಳ್ಳನ್ನು ಹಿಡಿದು, ತೊಳೆದು, ಒಣಗಿಸಿ, ಅದರಿಂದ ನಾಲ್ಕು ಮಂದಿಗೆ ಹಲ್ಲು ಮಾಡಿಸುವ ಹೆಣ್ಣುಮಗಳು! ನನಗೆ ಮೊದಲ ಸಲ ಸ್ವಲ್ಪ ಗಾಬರಿಯಾದದ್ದು ಅವತ್ತು.

ಕಂಪನಿಯಲ್ಲಿ ನನಗೆ ನೌಕರಿ ಸಿಕ್ಕದ್ದು ನನ್ನ ಬುದ್ಧಿಗಾಗಿ ಎಂದು ನಾನು ಊರಲ್ಲಿ ಹೇಳಿಕೊಂಡಿದ್ದೇನೆ. ನಿಮಗೆ ನಿಜ ಹೇಳುತ್ತೇನೆ, ಅದು ನನ್ನ ವಯಸ್ಸಿಗಾಗಿ. ನಮ್ಮ ಊರು ಗಡಿಯಾಚೆಯದು; ಅಲ್ಲಿ ಸರಕಾರದ ಎಸ್.ಟಿ. ಬಸ್ಸಿನಲ್ಲಿ ಎಪ್ಪತ್ತೈದು ದಾಟಿದವರಿಗೆ ಟಿಕೆಟ್ ಇಲ್ಲ. ನನಗೆ ಎಪ್ಪತ್ತಾರು. ಬೇರೆ ಕಂಪನಿಗಳು ಗಾಡಿ ಇಟ್ಟು, ಡ್ರೈವರ್ ಇಟ್ಟು, ಡೀಸೆಲ್ ಹಾಕಿಸಿ ಸಾಮಾನು ಕಳಿಸಿದರೆ, ನಮ್ಮ ಕಂಪನಿ ಒಬ್ಬ ಮುದುಕನ ಹೆಗಲಿಗೆ ಚೀಲ ಹಾಕಿ ಬಸ್ಸು ಹತ್ತಿಸುತ್ತದೆ. ಕಂಡಕ್ಟರ್ ದಿನಾ ನನ್ನ ಕಾರ್ಡು ಕೇಳುವುದು, ನಾನು ದಿನಾ "ನನಗಿನ್ನೂ ಎಪ್ಪತ್ನಾಕು, ತಿಕೀಟು ಕೊಡಪಾ, ಧರ್ಮದ್ದು ಬ್ಯಾಡ" ಎಂದು ಜಗಳ ತೆಗೆಯುವುದು, ಇಡೀ ಬಸ್ಸು ನಗುವುದು. ಇದು ನಮ್ಮ ಸಾರಿಗೆ ವಿಭಾಗ.

ಆದರೆ ಆ ಪಡಸಾಲೆಯ ಕಪಾಟುಗಳನ್ನು ಮೊದಲ ಸಲ ತೆರೆದು ನೋಡಿದಾಗ ನನಗೆ ಆಗಿದ್ದನ್ನು ಹೇಗೆ ಹೇಳಲಿ? ಒಂದು ಗುಲಾಬಿ ಬಣ್ಣದ ಪುಡಿ. ಕಸ್ತೂರಿ ಅದಕ್ಕೆ ನೀರು ಹಾಕಿ ಕಲೆಸಿದಳು. ಒಂದು ಚುಟ್ಟಾ ಹಚ್ಚುವುದರೊಳಗೆ ಅದು ರಬ್ಬರಾಯಿತು. ನನ್ನ ಹೆಬ್ಬೆರಳನ್ನು ಅದರಲ್ಲಿ ಒತ್ತಿ ತೆಗೆದರೆ, ಐವತ್ತು ವರ್ಷದ ಗೆರೆಗಳೆಲ್ಲ ಅಲ್ಲಿ ಕೂತಿದ್ದವು. ಇನ್ನು ಹಲ್ಲುಗಳು! ಒಂದೊಂದು ಪುಟ್ಟ ಡಬ್ಬಿಯಲ್ಲಿ, ಮೇಣದ ಪಟ್ಟಿಯ ಮೇಲೆ, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಸಾಲಾಗಿ. ಒಂದು ಪೂರ್ತಿ ಬಾಯಿಗೆ ಇಪ್ಪತ್ತೆಂಟು. ಮನುಷ್ಯನಿಗೆ ಮೂವತ್ತೆರಡು ಅಲ್ಲವೇ ಎಂದು ನಾನು ದಲಾಲಿಯ ಗತ್ತಿನಿಂದ ಹಿಡಿದೆ. "ಕಂಪನಿಯವರು ಬಾಯಿಗೆ ನಾಕು ಹಲ್ಲು ಹೊಡದಾರ ಕಸ್ತೂರಿ, ನಿನ್ನ ಕಣ್ಣಿಗೆ ಮಣ್ಣು ಹಾಕ್ಯಾರ!" ಕಟ್ಟಿಸಿಕೊಂಡ ಹಲ್ಲಿನಲ್ಲಿ ಕೊನೆಯ ಬುದ್ಧಿಹಲ್ಲು ನಾಲ್ಕೂ ಇರುವುದಿಲ್ಲ ಎಂದು ಅವಳು ಹೇಳಿದಳು. ಇಷ್ಟು ವಯಸ್ಸಾದ ಮೇಲೆ ಬುದ್ಧಿ ಬೇಡ ಎಂದು ಯಾರೋ ತಿಳಿದವರೇ ನಿರ್ಣಯ ಮಾಡಿದ್ದಾರೆ ಎಂದು ಸುಮ್ಮನಾದೆ.

ಅದಕ್ಕಿಂತ ದೊಡ್ಡ ವಿಸ್ಮಯ ಒಂದು ಬೀಗದ ಕೈ ಗೊಂಚಲಿನಂಥದ್ದು. ಅದರಲ್ಲಿ ಬೀಗದ ಕೈಗಳ ಬದಲು ಹದಿನಾರು ಬಿಡಿ ಹಲ್ಲು. ಹದಿನಾರೂ ಬಿಳಿ, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಹಾಲಿನ ಹಾಗೆ, ಒಂದು ಮಜ್ಜಿಗೆಯ ಹಾಗೆ, ಒಂದು ಹಿಂಡಿದ ಜೋಳದ ಹಾಲಿನ ಹಾಗೆ, ಒಂದು ತೊಳೆದಿಟ್ಟ ಎಲುಬಿನ ಹಾಗೆ, ಕೊನೆಗೆ ಬಂದರೆ ನಮ್ಮ ಓಣಿಯ ಗೋಡೆಯ ಸುಣ್ಣ ಮೂರು ಮಳೆ ಕಂಡ ಮೇಲೆ ಇರುವ ಹಾಗೆ. ಒಂದೊಂದಕ್ಕೂ ಅಕ್ಷರ, ಅಂಕಿ. ಪ್ರತಿ ಡಬ್ಬಿಯ ಮೇಲೂ ಅದೇ ಅಕ್ಷರ, ಅದೇ ಅಂಕಿ. ಕುರಿ ಬಣ್ಣಕ್ಕೆ ನಮ್ಮಲ್ಲಿ ಇಪ್ಪತ್ತು ಹೆಸರಿವೆ, ಒಪ್ಪುತ್ತೇನೆ. ಆದರೆ ಬಿಳುಪು ಎಂಬುದು ಒಂದೇ ಅಲ್ಲ, ಅದರೊಳಗೆ ಹದಿನಾರು ಮನೆ ಇದ್ದಾವೆ ಎಂಬುದನ್ನು ನಾನು ಎಪ್ಪತ್ತಾರು ವರ್ಷ ಕಾಣದೆ ಕಳೆದೆನಲ್ಲ!

ತೊಂದರೆ ಸುರುವಾದದ್ದು ಇಲ್ಲಿಂದಲೇ. ದುಂಡಪ್ಪ, ನಾಗವ್ವ ಮತ್ತು ಇನ್ನಿಬ್ಬರಿಗೆ ಹಲ್ಲು ಕೂಡಿಸಲು ಉಮದಿಯ ದಾಕ್ತರರು ನಾಲ್ಕು ಡಬ್ಬಿ ಬೇಡಿದರು. ಕಸ್ತೂರಿ ತೆಗೆದಿಟ್ಟದ್ದನ್ನು ನೋಡಿದರೆ, ನಾಲ್ಕೂ ಆ ಮಳೆ ಕಂಡ ಸುಣ್ಣದ ಕಡೆಯವು. ನನ್ನ ಮೈ ಉರಿದುಹೋಯಿತು. ಸಂತೆಯಲ್ಲಿ ಸವೆದ ಹಳದಿ ಹಲ್ಲಿನ ಕುರಿಯನ್ನು ಯಾರೂ ಮುಟ್ಟುವುದಿಲ್ಲ. ಅಂಥ ಕುರಿಯ ಹಲ್ಲನ್ನು ಸಂತೆಗೆ ಹೋಗುವ ಮುಂಜಾನೆ ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡುವ ದಲಾಲರಿದ್ದಾರೆ. (ಇದ್ದಾರೆ ಎಂದು ಕೇಳಿದ್ದೇನೆ.) ಕೊಳ್ಳುವವನಿಗೆ ಬೆಳ್ಳನೆಯದು ಸಿಕ್ಕುವಾಗ ಹೊಸ ಹಲ್ಲನ್ನು ಹಳತು ಮಾಡಿ ಕೊಡುವುದು ಎಂದರೆ ಏನು? ದಾಕ್ತರರು ನಲವತ್ತರ ತರುಣ. ಮುದುಕರಿಗೆ ಇಷ್ಟು ಸಾಕು ಎಂದು ಮಾಸಿದ ಮಾಲು ದಾಟಿಸುತ್ತಿದ್ದಾನೆ ಎಂದುಕೊಂಡೆ. ನನ್ನ ಸರೀಕರಿಗೆ ಅವಮಾನ! ಕಸ್ತೂರಿ ಬ್ಯಾಂಕಿಗೆ ಹೋದ ಮಧ್ಯಾಹ್ನ, ಮೇಲಿನ ಹಲಗೆಯಲ್ಲಿ ಯಾರೂ ಬೇಡದೆ ಕೂತಿದ್ದ ಹಾಲಿನಂಥ ಹಲ್ಲಿನ ನಾಲ್ಕು ಡಬ್ಬಿ ಇಳಿಸಿದೆ. ಒಳಗಿನ ಹಲ್ಲಿನ ಪಟ್ಟಿಗಳನ್ನು ಅದಲುಬದಲು ಮಾಡಿದೆ. ಸುಣ್ಣದ ಡಬ್ಬಿಯಲ್ಲಿ ಹಾಲು, ಹಾಲಿನ ಡಬ್ಬಿಯಲ್ಲಿ ಸುಣ್ಣ. ಇದರಲ್ಲಿ ಅರ್ಧ ಪುಣ್ಯ, ಅರ್ಧ ಚೇಷ್ಟೆ. ನನ್ನ ಪುಣ್ಯಗಳೆಲ್ಲ ಹೀಗೇ ಬೆರಕೆ. ಮರುದಿನ ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬಂದೆ.

ವಾರ ಕಳೆದು ದಾಕ್ತರರ ಫೋನು ಬಂತು. ಕಸ್ತೂರಿ ಫೋನಿನಲ್ಲಿ "ಹೂಂ ಸರ... ಹೌದ್ರಿ ಸರ... ಈಗ ಬರ್ತೀನ್ರಿ ಸರ" ಎಂದಷ್ಟೇ ಅಂದಳು. ಫೋನು ಇಟ್ಟು, ಅದೇ ಅಂಕಿಯ ಬೇರೆ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದಳು: "ಡಬ್ಬಿ ಮ್ಯಾಲ ಒಂದು ಬಣ್ಣ, ಒಳಗ ಒಂದು ಬಣ್ಣ ಬಂದೈತಂತ್ರಿ, ಮಾವಾರ. ನಮ್ಮ ಸಾಮಾನೆಲ್ಲಾ ತಿರುಗಿ ಒಯ್ರಿ ಅನ್ನಾಕತ್ತಾರ."

ಇದು ಎಂಥ ಮಾತು ಎಂದು ನಿಮಗೆ ತಿಳಿಯಬೇಕು. ಉಮದಿಯ ದಾಕ್ತರರಿಗೆ ಮೂರು ಊರಲ್ಲಿ ದವಾಖಾನೆ. ಮೂರಕ್ಕೂ ಎಲ್ಲ ಸಾಮಾನು ಕಸ್ತೂರಿಯಿಂದಲೇ ತೆಗೆದುಕೊಳ್ಳುತ್ತೇನೆ ಎಂದು ಆ ತಿಂಗಳು ಮಾತಾಗುವುದಿತ್ತು. ಬೇರೆ ದಾಕ್ತರರು ಅವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡುವವರು. ಅವರು ಬೇಡ ಎಂದರೆ ಹಲ್ಲಿನಂಗಡಿ ಮುಚ್ಚಿದ ಹಾಗೆ. ಅವಳ ಆರು ವರ್ಷದ ಕಲಿಕೆ, ಅಂಗಡಿ ಕಟ್ಟಲು ಪಟ್ಟ ಒಂದು ವರ್ಷದ ಓಡಾಟ, ಎಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ಬರಬೇಕು. ನಾನು ಹೇಳಬೇಕಿತ್ತು, ಹೇಳಲಿಲ್ಲ. ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕೂತು, ಕಿಟಕಿಯಿಂದ ಹೊರಗೆ, ಪ್ರತಿಯೊಂದು ಜಾಲಿಗಿಡವನ್ನೂ ಮೊದಲ ಸಲ ನೋಡುವವನ ಹಾಗೆ ನೋಡುತ್ತ ಹೋದೆ.

ದವಾಖಾನೆಯ ಒಳಗೆ ಕಾಲಿಟ್ಟರೆ ನನ್ನ ಪುಣ್ಯದ ಫಲಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಹಲ್ಲುಗಳನ್ನು ಪಕ್ಕಾ ಮಾಡುವ ಮೊದಲು ಮೇಣದಲ್ಲಿ ಕೂಡಿಸಿ ಬಾಯಿಗೆ ಹಾಕಿ ನೋಡುತ್ತಾರೆ. ಅವತ್ತು ಆ ಪರೀಕ್ಷೆಯ ದಿನ. ಇಬ್ಬರು ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ದುಂಡಪ್ಪನ ಅವಸ್ಥೆಯೇ ಬೇರೆ. ಅವನಿಗೆ ಆ ಹಾಲಿನ ಹಲ್ಲು ಎಷ್ಟು ಸೇರಿದವೆಂದರೆ, ದಾಕ್ತರರು ಆಚೆ ತಿರುಗುವುದರೊಳಗೆ ಮೇಣದ ಹಲ್ಲಿನ ಸಮೇತ ಹೊರಗೆ ಓಡಿ, ಚಹಾದಂಗಡಿಯಲ್ಲಿ ಕೂತು, ಎಲ್ಲರಿಗೂ ನಕ್ಕು ತೋರಿಸಿ, ಸುಡು ಸುಡು ಚಹಾ ಕುಡಿದಿದ್ದ. ಮೇಣ ಕರಗಿತ್ತು. ಮುಂದಿನ ಹಲ್ಲೆರಡು ಬೆನ್ನು ತಿರುಗಿಸಿ ನಿಂತಿದ್ದವು, ಒಂದು ದವಡೆ ಹಲ್ಲು ನಾಲಿಗೆಯ ಕೆಳಗೆ ಹೋಗಿ ಮಲಗಿತ್ತು.

"ತಗೀರಿ ಅಜ್ಜಾರ" ಎಂದು ದಾಕ್ತರರು ಗದರುತ್ತಿದ್ದರು.

"ತಗಿಯಂಗಿಲ್ರಿ. ಹಿಂಗs ಪಕ್ಕಾ ಮಾಡ್ರಿ. ನನಗ ನಡೀತೈತಿ" ಎಂದು ದುಂಡಪ್ಪ ಸೊಟ್ಟ ಬಾಯಲ್ಲಿ ಹಟ ಹಿಡಿದಿದ್ದ.

ಬೇರೆ ದಿನವಾಗಿದ್ದರೆ ಈ ಒಂದು ನೋಟದ ಮೇಲೆ ನಾನು ಒಂದು ವರ್ಷ ಬದುಕುತ್ತಿದ್ದೆ. ಆದರೆ ಬೆಂಚಿನ ಕೊನೆಯಲ್ಲಿ ನಾಗವ್ವ ಕೈಯಲ್ಲಿ ಕನ್ನಡಿ ಹಿಡಿದು ಕೂತಿದ್ದಳು. ಬಿಸಿಲಲ್ಲಿ ಕಂದಿದ ಆ ಮುಖದಲ್ಲಿ ಹಾಲಿನ ಹಲ್ಲುಗಳು ಯಾರೋ ಬಾಗಿಲು ತಪ್ಪಿ ಒಳಗೆ ಬಂದವರ ಹಾಗೆ ಕಾಣುತ್ತಿದ್ದವು. ಅವಳು ಕನ್ನಡಿ ಕೆಳಗಿಟ್ಟು, ಹಲ್ಲು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದಳು: "ದಾಕ್ತರ, ಇವು ಬ್ಯಾರೆ ಯಾರವೋ ಅದಾವ. ನನ್ನ ಬಾಯಾಗ ಬ್ಯಾರೆದಾಕಿ ನಗಾಕತ್ತಾಳ." ಮತ್ತೆ ಸೆರಗು ಬಾಯಿಗೆ ಹೋಯಿತು.

ದಾಕ್ತರರು ಕೂಗಾಡುವವರಲ್ಲ. ಅದೇ ಕಷ್ಟ. "ನೋಡ್ರಿ ಬಾಯಾರ," ಎಂದರು ಕಸ್ತೂರಿಗೆ, "ನಮ್ಮ ಕಾರಿಗಾರ ಡಬ್ಬಿ ಮ್ಯಾಲಿನ ಅಂಕಿ ನೋಡಿ ಹಲ್ಲು ಕೂಡಿಸ್ಯಾನ. ಇವತ್ತು ಬಣ್ಣ ತಪ್ಪೈತಿ, ಕಣ್ಣಿಗೆ ಕಂಡೈತಿ. ನಾಳೆ ಪುಡಿ ತಪ್ಪಿದ್ರ, ಔಷಧ ತಪ್ಪಿದ್ರ? ಡಬ್ಬಿ ಸುಳ್ಳು ಹೇಳಿದ್ರ ನಾ ಅದನ್ನ ಮಂದಿ ಬಾಯಾಗ ಹೆಂಗ ಇಡ್ಲಿ?"

"ತಪ್ಪು ನಮ್ಮದs ಐತ್ರಿ ಸರ" ಎಂದಳು ಕಸ್ತೂರಿ. ಯಾಕೆ, ಹೇಗೆ, ಯಾರು ಎಂಬ ಒಂದು ಮಾತೂ ಇಲ್ಲ. "ನಿಮ್ಮ ಹಂತ್ಯಾಕ ಇರೂ ನಮ್ಮ ಡಬ್ಬಿ ಎಲ್ಲಾ ಕೊಡ್ರಿ. ಒಂದೊಂದs ತಗದು ನಿಮ್ಮ ಮುಂದs ನೋಡ್ತೀನಿ. ಆಮ್ಯಾಲ ತಿರುಗಿ ಒಯ್ಯಂದ್ರ ಒಯ್ತೀನಿ."

ಆಮೇಲೆ ನಾನು ನೋಡಿದ್ದನ್ನು ನಿಮಗೆ ಹೇಳಲು ನನ್ನ ಬಾಯಿ ಸಾಲದು. ಅವಳು ಒಳಗಿನ ಟ್ಯೂಬಲೈಟಿನ ಕೆಳಗೆ ಕೂರಲಿಲ್ಲ. ಬಾಗಿಲ ಹೊರಗೆ, ನೆರಳಿನಲ್ಲಿ, ಬರೀ ಆಕಾಶದ ಬೆಳಕು ಬೀಳುವ ಕಡೆ ಸ್ಟೂಲು ಹಾಕಿಕೊಂಡಳು. ಮಡಿಲಲ್ಲಿ ಒಂದು ನೀಲಿ ಬಟ್ಟೆ ಹರಡಿಕೊಂಡಳು. ಒಂದು ಡಬ್ಬಿ ತೆರೆಯುವುದು, ನಾಲ್ಕೈದು ಎಣಿಸುವಷ್ಟು ಹೊತ್ತು ಹಲ್ಲು ನೋಡುವುದು, ಕಣ್ಣು ತಟ್ಟನೆ ನೀಲಿ ಬಟ್ಟೆಯ ಮೇಲೆ ಇಳಿಸುವುದು, ಮತ್ತೆ ನೋಡುವುದು. ಯಾಕೆ ಹಾಗೆ ಎಂದು ಪಿಸುಮಾತಿನಲ್ಲಿ ಕೇಳಿದೆ. "ಬಿಳೇದನ್ನ ಭಾಳ ಹೊತ್ತು ನೋಡಿದ್ರ ಕಣ್ಣು ಸುಳ್ಳು ಹೇಳಾಕ ಸುರು ಮಾಡ್ತಾವ್ರಿ. ನೀಲಿ ನೋಡಿದ್ರ ಸುಧಾರಿಸ್ತಾವ" ಎಂದಳು. ನೋಡಿರಿ! ಸ್ವಂತ ಕಣ್ಣು ಯಾವ ಹೊತ್ತಿಗೆ ಸುಳ್ಳು ಸುರು ಮಾಡುತ್ತದೆ ಎಂಬುದೂ ಗೊತ್ತಿರುವ ಹೆಣ್ಣುಮಗಳು. ನಾನು ಎಪ್ಪತ್ತಾರು ವರ್ಷದಲ್ಲಿ ನನ್ನ ಬಾಯಿಯ ಸುಳ್ಳನ್ನೇ ಹಿಡಿದಿಲ್ಲ.

ದಾಕ್ತರರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಗೊಂಚಲಿನ ಬಿಡಿ ಹಲ್ಲುಗಳ ಅಂಕಿಯನ್ನು ಬೆರಳಿನಿಂದ ಮುಚ್ಚಿ, ಒಂದೊಂದೇ ಅವಳ ಮುಂದೆ ಹಿಡಿದರು. ಅವಳು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಒಂದು ಸಲ ಮಾತ್ರ ತಡೆದು, "ಇದನ್ನ ಇನ್ನೊಮ್ಮೆ ಹಿಡೀರಿ ಸರ, ನಿಮ್ಮ ಅಂಗಿ ಬಣ್ಣ ಇದರ ಮ್ಯಾಲ ಬೀಳಾಕತ್ತೈತಿ" ಎಂದಳು. ದಾಕ್ತರರು ತಮ್ಮ ಹಳದಿ ಅಂಗಿಯನ್ನು ಹುಟ್ಟಿದಾಗಿನಿಂದ ನೋಡಿಲ್ಲದವರ ಹಾಗೆ ನೋಡಿಕೊಂಡು ಹಿಂದೆ ಸರಿದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವ ಎಂತೆಂಥ ದಲಾಲರನ್ನು ನಾನು ಕಂಡವನು, ಅವರನ್ನು ಮಣಿಸಿದವನು. ಇಂಥ ಕಣ್ಣನ್ನು ಕಂಡಿರಲಿಲ್ಲ. ನಾನು ಬಾಗಿಲ ಪಕ್ಕದಲ್ಲಿ ಖಾಲಿ ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಸಾಲೆಗೆ ಮೊದಲ ದಿನ ಬಂದವನ ಹಾಗೆ ಕೂತಿದ್ದೆ.

ಮೂವತ್ತೆಂಟು ಡಬ್ಬಿ. ಮೂವತ್ನಾಲ್ಕು ಸರಿ, ನಾಲ್ಕು ತಪ್ಪು. ಆ ನಾಲ್ಕಕ್ಕೆ ಬೇಕಾದ ಸರಿಯಾದ ಹಲ್ಲುಗಳನ್ನು ಅವಳು ಚೀಲದಲ್ಲಿ ತಂದೇ ಇದ್ದಳು. ಆದರೆ ಕೊಡುವ ಮೊದಲು ನಾಗವ್ವನನ್ನು ಬೆಳಕಿಗೆ ಕರೆದು ಎದುರು ಕೂರಿಸಿಕೊಂಡಳು. ಗೊಂಚಲನ್ನು ಅವಳ ಕೆನ್ನೆಯ ಹತ್ತಿರ ಹಿಡಿದು, ಹಲ್ಲು ನೋಡುವ ಬದಲು ಅವಳ ಮುಖ ನೋಡಿದಳು. ಕಣ್ಣಿನ ಬಿಳಿ ನೋಡಿದಳು, ತುಟಿ ನೋಡಿದಳು, ನರೆತ ಕೂದಲು ನೋಡಿದಳು. "ಆಯಿ, ಒಮ್ಮೆ ಕುರಿ ಕರದಂಗ ಕರೀರಿ" ಎಂದಳು. ನಾಗವ್ವ ನಾಚಿ, ಆಮೇಲೆ ನಕ್ಕು, ಬಾಯಿ ತೆರೆದು ಕರೆದೇ ಬಿಟ್ಟಳು. ಉಮದಿಯ ಬೀದಿಯಲ್ಲಿ ಹೋಗುತ್ತಿದ್ದ ಎರಡು ಆಡು ತಿರುಗಿ ನೋಡಿದವು. ಆ ತೆರೆದ ಬಾಯನ್ನು ನೋಡಿ ಕಸ್ತೂರಿ ಒಂದು ಹಲ್ಲು ಆರಿಸಿದಳು. ದಾಕ್ತರರು ಮೊದಲು ಬರೆದಿದ್ದ ಅಂಕಿಯೇ ಅದು. ಅವರೂ ಸುಮ್ಮನೆ ಬರೆದವರಲ್ಲ ಎಂದು ನನಗೆ ಆಗ ತಿಳಿಯಿತು.

ಕಾರಿಗಾರ ಒಳಗೆ ಹೋಗಿ ಮುಂದಿನ ಆರು ಹಲ್ಲನ್ನು ಬದಲಿಸಿ ತಂದ. ನಾಗವ್ವ ಹಾಕಿಕೊಂಡಳು. ಕನ್ನಡಿ ನೋಡಿದಳು. ಆ ಮಾಸಿದ ಹಲ್ಲು, ನಾನು ಹಳೆಯ ಸುಣ್ಣ ಎಂದು ಬೈದ ಹಲ್ಲು, ಅವಳ ಬಾಯಲ್ಲಿ ಕೂತದ್ದೇ ತಡ ಮಾಸಿದ್ದು ಎಲ್ಲಿಗೋ ಹೋಯಿತು. ಅಲ್ಲಿ ಇದ್ದದ್ದು ನಾಗವ್ವ ಮಾತ್ರ. ಮೂವತ್ತು ವರ್ಷದ ಹಿಂದೆ ಹಿಂಡಿನ ಹಿಂದೆ ಹೋಗುತ್ತ ನನಗೆ ಬೈಯುತ್ತಿದ್ದ ಅದೇ ನಾಗವ್ವ. ಅವಳು ಕಸ್ತೂರಿಯ ಕೈ ಹಿಡಿದು ಕೇಳಿದಳು: "ಎಲ್ಲಿದ್ದೂವs ಯವ್ವಾ ಇವು, ಇಷ್ಟ ದಿನಾ?"

ದಾಕ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮೂಗಿನಲ್ಲಿ ಧೂಳು ಹೋಗಿತ್ತು ಎಂದು ಕಾಣುತ್ತದೆ. ನಾಗವ್ವನ ಸೆರಗು ಹೆಗಲ ಮೇಲೇ ಇತ್ತು.

ಆಮೇಲೆ ದಾಕ್ತರರು ಹೇಳಿದರು: "ಬಾಯಾರ, ನಿಮ್ಮ ಕಣ್ಣಿನ ಬಗ್ಗೆ ನಂದು ಮಾತಿಲ್ಲ. ಆದ್ರ ನಿಮ್ಮಲ್ಲಿ ಡಬ್ಬಿ ತುಂಬವರು ಯಾರು? ಅವರನ್ನ ತಗದು ಹಾಕ್ರಿ. ಅಂದ್ರನ ನಂದು ಮುಂದಿನ ಮಾತು."

"ಡಬ್ಬಿ ಎಲ್ಲಾ ನಾನs ತುಂಬ್ತೀನ್ರಿ ಸರ."

"ಇಂಥಾ ಕಣ್ಣು ಇಟ್ಕೊಂಡು ನೀವs ತಪ್ಪಿದ್ರಂದ್ರ," ದಾಕ್ತರರು ತಲೆ ಅಲ್ಲಾಡಿಸಿದರು, "ಆಗ ಇನ್ನೂ ಕಷ್ಟ ಆತಲ್ರಿ."

ಕಸ್ತೂರಿ ನೀಲಿ ಬಟ್ಟೆಯನ್ನು ಮಡಚತೊಡಗಿದಳು. ಮೂಲೆಗೆ ಮೂಲೆ ಕೂಡಿಸಿ, ನಿಧಾನವಾಗಿ. ಆ ಬಟ್ಟೆ ನಾಲ್ಕನೆಯ ಮಡಿಕೆಗೆ ಬರುವುದರೊಳಗೆ ನಾನು ಎದ್ದು ನಿಂತಿದ್ದೆ. ನನ್ನ ಕಾಲು ನನ್ನನ್ನು ಕೇಳದೆ ಎದ್ದದ್ದು ಅದೇ ಮೊದಲು.

"ದಾಕ್ತರ ಸಾಹೇಬ್ರ, ಆಕಿ ಅಲ್ರಿ. ನಾನು. ಆಕಿ ಬ್ಯಾಂಕಿಗೆ ಹೋದಾಗ ನನ್ನ ಕೈಲೆ ಬದಲಿ ಮಾಡೀನಿ. ಮುದುಕರಿಗೆ ನೀವು ಮಾಸಿದ ಹಲ್ಲು ಕೊಡಾಕತ್ತೀರಿ ಅಂತ ತಿಳದು ಮಾಡೀನಿ. ತಪ್ಪಾತ್ರಿ."

ಜೀವನದಲ್ಲಿ ಮೊದಲ ಸಲ, ಯಾರೂ ಹಿಡಿಯದೆ, ಯಾರೂ ಬಡಿಯದೆ, ನಾನಾಗಿ ಒಪ್ಪಿಕೊಂಡಿದ್ದೆ. ಈಗ ಆಕಾಶ ಬೀಳಲಿ ಎಂದು ಕಣ್ಣು ಮುಚ್ಚಿದೆ.

ತೆರೆದು ನೋಡಿದರೆ ದಾಕ್ತರರು ನನ್ನನ್ನು ಗುಡಿಯ ಮುಂದೆ ನಿಂತವರು ನೋಡುವ ಹಾಗೆ ನೋಡುತ್ತಿದ್ದರು. "ಅಜ್ಜಾರ," ಎಂದರು, "ನಿಮ್ಮ ವಯಸ್ಸಿನವರು ತಮ್ಮ ತಪ್ಪು ಸೊಸೀ ಮ್ಯಾಲ ಹೊರಸೂದನ್ನ ನೋಡೀನಿ. ಸೊಸೀ ತಪ್ಪನ್ನ ತಮ್ಮ ತಲೀ ಮ್ಯಾಲ ಹೊತ್ಕೊಂಡವರನ್ನ ಇವತ್ತs ನೋಡಿದ್ದು."

"ಅಯ್ಯ, ಖರೇನ ನಾನs ಮಾಡೀನ್ರಿ! ನಾ ಹುಟ್ಟಾ ಕಿಡಿಗೇಡಿ ಅದೀನ್ರಿ! ಬೇಕಾದ್ರ ಈ ದುಂಡ್ಯಾನ ಕೇಳ್ರಿ!"

ದುಂಡಪ್ಪ ಬಾಯಿ ಖಾಲಿ ಮಾಡಿಕೊಂಡು ಕೂತಿದ್ದ. ನನ್ನನ್ನು ಒಂದು ಗಳಿಗೆ ನೋಡಿದ. ಎಪ್ಪತ್ತು ವರ್ಷದ ಸೇಡು ತೀರಿಸಿಕೊಳ್ಳಲು ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ಆ ಮುದುಕನಿಗೆ ಹೊಳೆದಿರಬೇಕು. "ಭಾಳ ಭೋಳಾ ಮನಷ್ಯಾ ರೀ ಇಂವ," ಎಂದ. "ಸಣ್ಣಂವ ಇದ್ದಾಗಿಂದನೂ ಒಂದು ಸುಳ್ಳು ಹೇಳಿದಂವಲ್ಲ."

"ಸರ, ಮಾವಾರ ಹೇಳೂದು ಖರೇ ಅದರಿ" ಎಂದಳು ಕಸ್ತೂರಿ. ಅವಳೂ ಸುಳ್ಳು ನಿಲ್ಲಲು ಬಿಡುವವಳಲ್ಲ.

ದಾಕ್ತರರು ಕೈ ಎತ್ತಿದರು. "ಸಾಕ್ರಿ ಬಾಯಾರ. ಅವರು ನಿಮ್ಮ ಸಂಬಂಧ ಹೇಳಿದ್ರು, ನೀವು ಅವರ ಮಾತು ಉಳಸಾಕ ಹೂಂ ಅನ್ನಾಕತ್ತೀರಿ. ಎಂಥಾ ಮನಿ ರೀ ನಿಮ್ಮದು! ಇಂಥಾ ಮನಿಯಿಂದ ಸಾಮಾನು ತಗೋಲಾರದ ಮತ್ತೆಲ್ಲಿಂದ ತಗೋಲಿ? ಮೂರೂ ದವಾಖಾನಿಗೆ ಕಳಸ್ರಿ. ಡಬ್ಬಿ ಮುಚ್ಚಿ ಪಟ್ಟಿ ಅಂಟಿಸಿ ಅದರ ಮ್ಯಾಲ ನಿಮ್ಮ ಸಹಿ ಇರ್ಲಿ, ಅಷ್ಟs ಸಾಕು." ಮತ್ತು ಒಳಗೆ ಕೂಗಿ ನನಗೆ ಖಾಸ ಚಹಾ ತರಿಸಿದರು. ಅದನ್ನು ಕುಡಿಯುವುದು ಬಹಳ ಕಷ್ಟವಾಯಿತು; ಪಂದ್ಯ ಗೆಲ್ಲದೆ ಕುಡಿದ ಚಹಾ ನನಗೆ ಅದೊಂದೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಸ್ತೂರಿ ಮೂರೂ ದವಾಖಾನೆಗೆ ಕಳಿಸಬೇಕಾದ ಸಾಮಾನಿನ ಯಾದಿ ಬರೆಯುತ್ತಿದ್ದಳು. ಸಂಖ ದಾಟಿದ ಮೇಲೆ ನಾನೇ ಕೇಳಿದೆ: "ನಾನs ಮಾಡೀನಂತ ನಿನಗ ಯಾವಾಗ ಗೊತ್ತಾತು?"

"ಹೋಗೂವಾಗs ಗೊತ್ತಾತ್ರಿ. ಮಾಡಗ್ಯಾಳದಿಂದ ಉಮದಿತನಕಾ ಆ ಕಂಡಕ್ಟರನ್ನ ನೀವು ಒಮ್ಮೀನೂ ಕಾಡಸಲಿಲ್ಲ. ಅಂವ ಕಾರ್ಡು ಕೇಳಿದ ಕೂಡಲೇ ತೋರಿಸಿದ್ರಿ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರೇನಂತ ನೋಡಾಕತ್ತಿದ್ದೆ ರೀ, ಮಾವಾರ" ಎಂದಳು. ಹೇಳಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲುಗಿತು. ಮನೆಗೆ ಬಂದು ಐದು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಚೇಷ್ಟೆಗೆ ನಕ್ಕಿದ್ದಳು. ಆ ಚೇಷ್ಟೆ ನಾನು ನಿಜ ಹೇಳಿದ್ದು.

ಈಗ ಹಲ್ಲಿನಂಗಡಿ ಜೋರಾಗಿ ನಡೆದಿದೆ. ಕಪಾಟಿಗೆ ಬೀಗ ಬಿದ್ದಿದೆ. ಬೀಗದ ಕೈ ಎಲ್ಲಿದೆ ಎಂಬುದು ಗಂಗವ್ವನಿಗೆ ಗೊತ್ತು, ನನಗಿಲ್ಲ. ಆದರೆ ನನ್ನ ಕಷ್ಟ ಬೇರೆ. ಜತ್ತದಿಂದ ಉಮದಿಯತನಕ ಯಾವ ದವಾಖಾನೆಗೆ ಚೀಲ ಒಯ್ದರೂ, ಸೊಸೆಗಾಗಿ ಕಳಂಕ ಹೊತ್ತುಕೊಂಡ ಹಿರಿಯರು ಎಂದು ಎದ್ದು ನಿಂತು ಕೈ ಮುಗಿಯುತ್ತಾರೆ. ತಮ್ಮ ಮನೆಯ ಜಗಳ ಬಗೆಹರಿಸಲು ನನ್ನನ್ನು ಕರೆಯುತ್ತಾರೆ. ಮೊನ್ನೆ ಒಬ್ಬಾಕೆ ತನ್ನ ಮಾವನನ್ನು ಕರೆತಂದು ನನ್ನ ಕಾಲು ಮುಟ್ಟಿಸಿದಳು. ಆ ಮುದುಕ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಹೋದಲ್ಲೆಲ್ಲ ನಾನು ನಡೆದದ್ದನ್ನು ನಡೆದ ಹಾಗೇ ಬಿಡಿಸಿ ಹೇಳುತ್ತೇನೆ: ಸೊಸೆ ಬ್ಯಾಂಕಿಗೆ ಹೋಗಿದ್ದಳು, ನಾನು ಮೇಲಿನ ಹಲಗೆಯಿಂದ ನಾಲ್ಕು ಡಬ್ಬಿ ಇಳಿಸಿದೆ. ಹೇಳಿದಷ್ಟೂ ಅವರ ಕಣ್ಣು ತುಂಬುತ್ತದೆ. ಅದಕ್ಕೇ ಕೊನೆಗೆ ಬರೆದಾದರೂ ಇಡೋಣ ಎಂದು ಕೂತೆ. ಬರೆದದ್ದನ್ನು ಗಂಗವ್ವನಿಗೆ ಓದಿ ಹೇಳಿದೆ. ಅವಳು ಕೊನೆಯತನಕ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹುಡಿಗಿ ಸಂಬಂಧ ಎಷ್ಟ ಚಂದ ಸುಳ್ಳು ಬರದೀರಿ" ಎಂದಳು.